ಸೋಮವಾರ ನುಂಗದ ಗುಳಿಗೆಗಳು

ಒಂದು ಕುಪ್ಪಸಕ್ಕೆ ತೋಳು ಎರಡು: ಬಲಗೈಯದೊಂದು, ಎಡಗೈಯದೊಂದು. ಬಟ್ಟೆಯನ್ನು ಮಡಚಿ ಹಾಸಿ ಒಂದೇ ಸಲಕ್ಕೆ ಕತ್ತರಿಸಿದರೆ ಎರಡೂ ತಾವಾಗಿಯೇ ಜೋಡಿಯಾಗುತ್ತವೆ, ತಪ್ಪಲು ಆಸ್ಪದವೇ ಇಲ್ಲ. ಮೂವತ್ತನಾಲ್ಕು ವರ್ಷ ನಾನು ಹಾಗೆಯೇ ಕತ್ತರಿಸಿದವಳು. ಆ ಶ್ರಾವಣದ ಮೂರನೆಯ ಸೋಮವಾರ ಮಧ್ಯಾಹ್ನ ಬಟ್ಟೆ ಸಾಲದೆ ತೋಳುಗಳನ್ನು ಬೇರೆಬೇರೆಯಾಗಿ ಕತ್ತರಿಸಿದೆ. ಎರಡೂ ಎಡಗೈಯವೇ ಆದವು. ತಪ್ಪು ಯಾರಿಗಾದರೂ ಆಗುತ್ತದೆ, ನನ್ನನ್ನು ಈಗಲೂ ನಡುಗಿಸುವುದು ಅದಲ್ಲ. ಎರಡೂ ತೋಳುಗಳನ್ನು ತೊಡೆಯ ಮೇಲೆ ಹರವಿಕೊಂಡು ಎಷ್ಟು ಹೊತ್ತು ನೋಡಿದರೂ ಏನು ತಪ್ಪಾಗಿದೆ ಎಂಬುದು ತಿಳಿಯಲಿಲ್ಲ. ಏನೋ ತಪ್ಪಾಗಿದೆ ಎಂಬುದಷ್ಟೇ ತಿಳಿಯುತ್ತಿತ್ತು.

ನಾನಿರುವುದು ಬೆಳಗಾವಿಯ ಶಿವಬಸವ ನಗರದಲ್ಲಿ. ಮನೆಯ ಮುಂದಿನ ಖೋಲಿಯೇ ನನ್ನ ಹೊಲಿಗೆಯ ಅಂಗಡಿ. ಓಣಿಯವರಿಗೆಲ್ಲ ನಾನು ಶಾಂತಕ್ಕ. ತವರು ಖಾನಾಪುರ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟೆ. ನನಗೆ ಬಂದ ಮಾತೆಲ್ಲ ನಮ್ಮ ಆಯಿ ಜೋಳ ಹಸನು ಮಾಡುತ್ತ, ಮುತ್ಯಾ ಹಗ್ಗ ಹೊಸೆಯುತ್ತ, ಅಜ್ಜಿ ಅಜ್ಜ ಇಬ್ಬರೂ ಆಡಿದ ಮಾತು. ಅವರಿಂದ ಬಂದ ಕತೆಗಳನ್ನು ಹೊಲಿಗೆ ಮಷಿನ್ನಿನ ಮುಂದೆ ಕೂತು ನಾನು ಹೇಳುತ್ತಿದ್ದೆ. ಅಳತೆ ಕೊಡಲು ಬಂದ ಹೆಂಗಸರು ಅಳತೆ ಮುಗಿದರೂ ಏಳುತ್ತಿರಲಿಲ್ಲ. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದವರು ಕತೆಗೆ ಕೂತು, ಹಾಲು ಉಕ್ಕಿಸಿಕೊಂಡು ನನ್ನನ್ನು ಬಯ್ದದ್ದುಂಟು. ಜಂಬಕ್ಕಾಗಿ ಇದನ್ನು ಹೇಳುತ್ತಿಲ್ಲ. ಕಳೆದುಕೊಂಡದ್ದೇನು ಎಂದು ನಿಮಗೆ ಗೊತ್ತಿರಲಿ ಎಂದು ಹೇಳಿದೆ.

ಇದನ್ನೂ ನಾನು ಬಾಯಿಂದಲೇ ಹೇಳಿದ್ದು, ಮಗಳು ಸವಿತಾ ಬರೆದುಕೊಂಡಳು. ದಿನಕ್ಕೆ ಕಾಲು ತಾಸು. ಅದಕ್ಕಿಂತ ಹೆಚ್ಚಾದರೆ ಎಳೆ ತಪ್ಪುತ್ತದೆ. ದವಾಖಾನೆಯ ಬಾಕಿನ ಮೇಲೆ ಕೂತು, ತಲೆಯೊಳಗೆ ಏನಾಗುತ್ತಿದೆ ಎಂದು ಯಾರಿಗೂ ಹೇಳಲಾಗದೆ ಒದ್ದಾಡುವ ಒಬ್ಬರಾದರೂ ಇದನ್ನು ಓದಲಿ ಎಂಬುದಷ್ಟೇ ನನ್ನ ಆಸೆ.

ಆ ಮಧ್ಯಾಹ್ನ ನನ್ನೆದುರಿಗೆ ಶಮೀಮ ಇದ್ದಳು. ಹಿಂದಿನ ಓಣಿಯವಳು. ನಾನು ಹೊಲಿದ ಕುಪ್ಪಸಗಳಿಗೆ ಹುಕ್ಕು ಹಚ್ಚಿ ಕೈಹೊಲಿಗೆ ಮಾಡಿಕೊಡುತ್ತಾಳೆ. ಇಪ್ಪತ್ತು ವರ್ಷದ ಜೊತೆ. ಅವಳು ತೋಳುಗಳನ್ನು ನೋಡಲಿಲ್ಲ, ನನ್ನ ಮುಖವನ್ನು ನೋಡಿದಳು.

“ಅಕ್ಕಾ, ನಿಮ್ಮ ಬಾಯಿ ಸೊಟ್ಟ ಆಗೇತಿ,” ಅಂದಳು.

ಉಪವಾಸವಲ್ಲವೇ, ಸುಸ್ತಾಗಿರಬೇಕು ಎಂದೆ. ಆ ಮಾತೂ ಬಾಯಲ್ಲಿ ಅನ್ನದ ತುತ್ತು ಇಟ್ಟುಕೊಂಡವರ ಮಾತಿನಂತೆ ಬಂತು.

“ಇದ ಉಪವಾಸದ ಮುಖ ಅಲ್ರೀ. ನಾವೂ ರೋಜಾ ಹಿಡೀತೀವಿ. ಉಪವಾಸದ ಮುಖ ಹೆಂಗಿರತೈತಿ ನನಗ ಗೊತ್ತೈತಿ. ಏಳ್ರಿ, ರಿಕ್ಷಾ ತರಸ್ತೀನಿ.”

ನಾನು ಏಳಲಿಲ್ಲ. ಸೋಮವಾರ ಬೆಳಗಿನಿಂದ ಏನನ್ನೂ ಮುಟ್ಟದೆ, ಸಂಜೆಯ ಲಿಂಗಪೂಜೆ ಮುಗಿಸಿ ಒಂದು ಹೊತ್ತು ಉಣ್ಣುವುದು ನನ್ನ ನೇಮ. ಅವ್ವನಿಂದ ಬಂದದ್ದು. ಅವಳೂ ಹಿಡಿದಿದ್ದಳು, ನಾನೂ ಹಿಡಿದೆ, ನನ್ನ ತಮ್ಮ ಬಸುವೂ ಹಿಡಿದ. ಪೂಜೆ ಬಿಟ್ಟು ಹೊಸಿಲು ದಾಟುವುದು ನನ್ನಿಂದಾಗಲಿಲ್ಲ. ನಮ್ಮವರು ಒಳಗಿಂದ ಬಂದು ನಿಂಬೆಹಣ್ಣಿನ ನೀರು ಮಾಡಿ, ನಾಲ್ಕು ಬೆರಳಲ್ಲಿ ಉಪ್ಪು ಎತ್ತಿ ಹಾಕಿ, ನೀರಿಗೆ ದೋಷವಿಲ್ಲ ಎಂದು ಕುಡಿಸಿದರು. ಅವರು ಲೈನ್‌ಮನ್ ಆಗಿ ಕರೆಂಟಿನ ಕಂಬ ಹತ್ತಿ ಇಳಿದೇ ನಿವೃತ್ತರಾದವರು. ಬಿಸಿಲಿಗೆ ಬವಳಿ ಬಂದು ಬಿದ್ದವರಿಗೆಲ್ಲ ಅದೇ ನೀರು ಕುಡಿಸಿ ಎಬ್ಬಿಸಿದವರು. ಮರುದಿನ ಬೆಳಿಗ್ಗೆ ನನ್ನ ಬಾಯಿ ನೆಟ್ಟಗಾಗಿತ್ತು. ನಿಂಬೆಹಣ್ಣಿನ ನೀರಿನ ಮುಂದೆ ಯಾವ ಡಾಕ್ಟರು ಎಂದು ಓಣಿಯಲ್ಲಿ ಒಂದು ವಾರ ತಮಾಷೆ ಮಾಡಿಕೊಂಡು ತಿರುಗಿದರು. ಆಮೇಲೆ ಆ ತಮಾಷೆಯನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಬಾಯಿ ನೆಟ್ಟಗಾಯಿತು, ನಾನು ಆಗಲಿಲ್ಲ.

ಇದು ಮರೆವು ಎಂದು ನೀವು ತಿಳಿದರೆ ತಪ್ಪು. ಎಲ್ಲರ ಹೆಸರೂ ನೆನಪಿತ್ತು. ಯಾರ ಮದುವೆಗೆ ಯಾವ ಬಣ್ಣದ ಕುಪ್ಪಸ ಹೊಲಿದೆ ಎಂಬುದೂ ನೆನಪಿತ್ತು. ಕೆಲಸಗಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ. ಚಹಾಕ್ಕೆ ನೀರು, ಪುಡಿ, ಸಕ್ಕರೆ, ಹಾಲು ಬೇಕೆಂದು ಗೊತ್ತು, ಮೊದಲು ಯಾವುದು? ಪಾತೇಲಿಯ ಮುಂದೆ ನಿಂತು ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದೆ. ನಡೆಯುವಾಗ ಪಾದ ನೆಲಕ್ಕೆ ಅಂಟಿದ ಹಾಗೆ. ಒಂದು ತಿಂಗಳು ಹಾಗೇ ಇರುತ್ತಿತ್ತು, ಪರವಾಗಿಲ್ಲ ಇಷ್ಟೇ ತಾನೇ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಯಾರೋ ಹಿಂದಿನಿಂದ ನೂಕಿದಂತೆ ಇನ್ನೊಂದು ಮೆಟ್ಟಿಲು ಕೆಳಗೆ. ದೀಪಾವಳಿಯ ಹೊಲಿಗೆ ಅರ್ಧಕ್ಕೆ ನಿಂತಿತು. ಹೆಂಗಸರು ಬಟ್ಟೆ ವಾಪಸು ಒಯ್ದರು. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನನಗೆ ಹೆದರಿಕೆ ಹುಟ್ಟಿಸಿದ್ದು ಖಾನಾಪುರದ ಒಂದು ಮನೆ. ತಮ್ಮ ಬಸುವಿನ ನೆರೆಯ ಕಾಕಾ ತೀರಿಹೋಗಿದ್ದ. ನಮ್ಮನ್ನೆಲ್ಲ ಎತ್ತಿ ಆಡಿಸಿದವನು. ಮಣ್ಣಾದ ಐದನೆಯ ದಿನ ಮನೆಯವರನ್ನು ಮಾತಾಡಿಸಿ ಬರಲು ಹೋದೆವು. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ನಾನು ಹೋಗಿ ಅವಳ ಕೈ ಹಿಡಿದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ನಗು ಬಂತು.

ಸಂತೋಷದ ನಗುವಲ್ಲ. ಹೊಟ್ಟೆಯೊಳಗೆ ದುಃಖವೇ ಇತ್ತು, ಬಾಯಿಂದ ಬಂದದ್ದು ಮಾತ್ರ ನಗು. ನಿಲ್ಲಿಸಲು ಹೋದಷ್ಟೂ ಜೋರಾಯಿತು. ಸೆರಗು ಬಾಯಿಗೆ ತುರುಕಿಕೊಂಡೆ. ಬಸು ನನ್ನನ್ನು ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದ. ಹಿಂದೆ ಯಾರೋ ಹೆಂಗಸು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು: “ಸಿದ್ದವ್ವನ ಮಗಳ ಅಲ್ಲೇನ?”

ಸಿದ್ದವ್ವ ನಮ್ಮ ಅವ್ವ. ತನ್ನ ಕೊನೆಯ ಆರು ವರ್ಷ ಅವಳೂ ಹೀಗೇ ಬೇಕಾಗದ ಕಡೆ ನಗುತ್ತಿದ್ದಳು, ಕಾರಣವಿಲ್ಲದೆ ಅಳುತ್ತಿದ್ದಳು, ಪಾದ ಎಳೆಯುತ್ತಿದ್ದಳು. ಕಡೆಗೆ ಸೀರೆ ಉಡುವುದು ಎಲ್ಲಿಂದ ಸುರು ಎಂಬುದೂ ಹೋಯಿತು. ವಯಸ್ಸಾಯಿತು, ಅರಳುಮರಳು ಎಂದು ನಾವೆಲ್ಲ ಬಿಟ್ಟೆವು. ಬಂದವರೆದುರು ಮಾನ ಹೋಗುತ್ತದೆ ಎಂದು ಒಳಖೋಲಿಯಲ್ಲಿ ಕೂಡಿಸಿ ಬಾಗಿಲು ಮುಂದೆ ಮಾಡುತ್ತಿದ್ದೆವು. ಒಮ್ಮೆ ನಾನೇ, ನಾಟಕ ಸಾಕು ಮಾಡು, ಮಂದಿ ನಗುತ್ತಾರೆ ಎಂದು ಗದರಿದ್ದೆ. ಅವಳು ಆಗ ನನ್ನ ಕಡೆ ನೋಡಿದ ನೋಟ ಏನೆಂದು ನನಗೆ ಅವತ್ತು ಆ ಮನೆಯ ಕಟ್ಟೆಯ ಮೇಲೆ ನಿಂತಾಗ ತಿಳಿಯಿತು. ಅವಳಿಗೆ ಎಲ್ಲ ಗೊತ್ತಿತ್ತು. ಒಳಗೆ ಅವಳು ಇದ್ದಳು.

ಮುಂದಿನ ವಾರವೇ ಸವಿತಾ ನನ್ನನ್ನು ದವಾಖಾನೆಗೆ ಕರೆದೊಯ್ದಳು, ನಮ್ಮವರೂ ಜೊತೆಗೆ ಬಂದರು. ಅವಳು ಇದೇ ಊರಿನಲ್ಲಿ ಕಾಲೇಜಿನಲ್ಲಿ ಕಲಿಸುತ್ತಾಳೆ, ಮನೆ ನೆಹರೂ ನಗರದಲ್ಲಿ. ಮೆದುಳು ಮತ್ತು ನರದ ಡಾಕ್ಟರರ ಬಾಗಿಲ ಮುಂದೆ ನೀಲಿ ಕುರ್ಚಿಗಳ ಮೂರು ಸಾಲು. ನನ್ನ ಪಕ್ಕದಲ್ಲಿ ಜಾಂಬೋಟಿ ಕಡೆಯ ಮರಾಠಿ ಮಾತಿನ ಮುದುಕಿ, ಅವಳ ಪಕ್ಕ ಅವಳ ಗಂಡ. ಅವನ ಬಾಯಿಂದ ಇಳಿಯುವ ಜೊಲ್ಲನ್ನು ಗಳಿಗೆಗೊಮ್ಮೆ ಟವೆಲ್ಲಿನಿಂದ ಒರೆಸುತ್ತ, ಮಗನ ಮದುವೆಯ ಊಟದ ಸುದ್ದಿಯನ್ನು ನನಗೆ ಹೇಳಿದಳು: ಎಷ್ಟು ಬುಟ್ಟಿ ಬುಂದಿ ಮಾಡಿಸಿದರು, ಎಷ್ಟು ಉಳಿಯಿತು. ನಾನು ಸೆರಗಿನ ತುದಿ ಹೊಸೆಯುತ್ತಿರುವುದನ್ನು ಕಂಡು, ಸುದ್ದಿ ನಿಲ್ಲಿಸದೆಯೇ, ಟವೆಲ್ಲಿನ ಒಣಗಿದ ತುದಿಯನ್ನು ನನ್ನ ಕೈಗೂ ಹಿಡಿಸಿದಳು. ಹಿಡಿದುಕೊಳ್ಳಲು ಏನಾದರೂ ಇರಲಿ ಎಂದಿರಬೇಕು. ನಮ್ಮ ಹೆಸರು ಕೂಗುವವರೆಗೂ ಒಂದೇ ಟವೆಲ್ಲನ್ನು ಮೂವರೂ ಹಿಡಿದು ಕೂತಿದ್ದೆವು.

ಡಾಕ್ಟರು ಸವಿತಾಳ ವಯಸ್ಸಿನ ಹೆಣ್ಣುಮಗಳು. ಒಂದು ನಿಮಿಷದಲ್ಲಿ ಎಷ್ಟು ಕಾಯಿಪಲ್ಲೆಯ ಹೆಸರು ಬರುತ್ತವೋ ಹೇಳಿ ಎಂದರು. ನಾನು ಒಳಗೊಳಗೇ ನಕ್ಕೆ. ಕಾಯಿಪಲ್ಲೆಯ ಮೇಲೆಯೇ ಅರ್ಧ ತಾಸು ಮಾತಾಡಬಲ್ಲವಳು ನಾನು. ಬದನೆಕಾಯಿ ಎಂದೆ. ಬೆಂಡೆಕಾಯಿ ಎಂದೆ. ಮೆಂತ್ಯಪಲ್ಲೆ. ಆಮೇಲೆ ಬದನೆಕಾಯಿ. ಆಮೇಲೆ ಗೋಡೆ. ಕಣ್ಣ ಮುಂದೆ ಸಂತೆಯೇ ಕಾಣುತ್ತಿತ್ತು, ಚೀಲದ ಮೇಲೆ ಗುಡ್ಡೆ ಹಾಕಿದ ಹಸಿರೆಲ್ಲ ಕಾಣುತ್ತಿತ್ತು, ಹೆಸರು ಕೈಗೆ ಹತ್ತುತ್ತಿರಲಿಲ್ಲ. ಗಡಿಯಾರ ಬರೆಯಿರಿ ಎಂದು ಕಾಗದ ಕೊಟ್ಟರು. ಬರೆದೆ. ಹನ್ನೆರಡೂ ಅಂಕಿಗಳು ಒಂದೇ ಬಾಜು ಒತ್ತೊತ್ತಾಗಿ ಬಂದವು, ಅರ್ಧ ಗಡಿಯಾರ ಖಾಲಿ. ಸವಿತಾ ಆ ಕಾಗದ ನೋಡಿ ಕಿಟಕಿಯ ಕಡೆ ತಿರುಗಿ ನಿಂತಳು.

ಬಿ.ಪಿ. ನೋಡಿದರು. ಇನ್ನೊಮ್ಮೆ ನೋಡಿದರು. ಇನ್ನೊಂದು ಕೈಗೆ ಕಟ್ಟಿ ನೋಡಿದರು. ಎಷ್ಟು ವರ್ಷದಿಂದ ಗುಳಿಗೆ ಎಂದು ಕೇಳಿದಾಗ ನಮ್ಮವರು ಹನ್ನೊಂದು ಎಂದರು. ತಪ್ಪದೆ ತೆಗೆದುಕೊಳ್ಳುತ್ತೀರಾ? ತಪ್ಪಿಸುವ ಮಾತೇ ಇಲ್ಲ, ಬೆಳಿಗ್ಗೆ ಒಂದು ರಾತ್ರಿ ಒಂದು, ಊಟ ಆದ ಮೇಲೆ ಎಂದೆ. ಡಾಕ್ಟರು ಬರೆಯುತ್ತಿದ್ದವರು ನನ್ನ ಹಣೆಯ ವಿಭೂತಿ ನೋಡಿ, ಉಪವಾಸ ಮಾಡುತ್ತೀರಾ ಎಂದು ಸುಮ್ಮನೆ ಮಾತಿಗೆ ಎಂಬಂತೆ ಕೇಳಿದರು. ನಾನು ಅಭಿಮಾನದಿಂದಲೇ ಹೇಳಿದೆ: ಸೋಮವಾರ ಸಂಜೆವರೆಗೆ ಬಾಯಿಗೆ ಒಂದು ಅಗುಳಿಲ್ಲ, ಶ್ರಾವಣ ತಿಂಗಳಿಡೀ ಒಪ್ಪತ್ತು, ಶಿವರಾತ್ರಿಗೆ ಪೂರ್ತಿ ಉಪವಾಸ. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ.

“ಅವತ್ತ ಗುಳಿಗಿ?”

“ಊಟ ಇಲ್ಲಂದ ಮ್ಯಾಲ ಆ ಹೊತ್ತಿನ ಗುಳಿಗಿ ಎಲ್ಲಿಂದ್ರೀ? ಊಟ ಆದ ಮ್ಯಾಲ ಅಂತ ಚೀಟಿಯಾಗ ಬರದಿತ್ತಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಊಟ ಬಿಟ್ರ ಬಿಡ್ರಿ ಅವ್ವಾರ, ಗುಳಿಗಿ ಯಾಕ ಬಿಟ್ರಿ?”

ಹನ್ನೊಂದು ವರ್ಷದ ಸೋಮವಾರಗಳು. ಹನ್ನೊಂದು ಶ್ರಾವಣಗಳು. ಶ್ರಾವಣ ಮುಗಿದಾಗ ಡಬ್ಬಿಯಲ್ಲಿ ಗುಳಿಗೆ ಉಳಿದಿರುವುದನ್ನು ಕಂಡು, ಈ ತಿಂಗಳು ತರುವುದು ಬೇಡ ಎಂದು ನಮ್ಮವರು ಅಂಗಡಿಗೆ ಹೋಗುವುದನ್ನು ಬಿಡುತ್ತಿದ್ದರು. ಉಳಿದದ್ದು ಯಾಕೆ ಎಂದು ಅವರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಮನೆಗೆ ಬಂದ ಮೇಲೆ ಶಮೀಮಳಿಗೆ ಹೇಳಿದೆ. ಅವಳ ಗಂಡನಿಗೂ ಬಿ.ಪಿ. ಇದೆ. ಪ್ರತಿ ವರ್ಷ ರಂಜಾನ್ ಹತ್ತಿರ ಬಂದಾಗ ಅವನು ಡಾಕ್ಟರ ಹತ್ತಿರ ಹೋಗಿ, ಯಾವ ಗುಳಿಗೆ ನಸುಕಿನ ಸೆಹರಿಗೆ, ಯಾವುದು ಸಂಜೆಯ ಇಫ್ತಾರಿಗೆ ಎಂದು ಬರೆಸಿಕೊಂಡು ಬರುತ್ತಾನಂತೆ. ನೀವು ಯಾರನ್ನೂ ಕೇಳಲಿಲ್ಲವಾ ಅಕ್ಕಾ ಎಂದಳು. ಕೇಳಬೇಕಾದ ಸಂಗತಿ ಎಂದೇ ನಮಗೆ ಹೊಳೆದಿರಲಿಲ್ಲ ಶಮೀಮಾ.

ಅದಕ್ಕೂ ಮೊದಲು ದವಾಖಾನೆಯಲ್ಲೇ ಸ್ಕ್ಯಾನಿಂಗ್ ಆಯಿತು. ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ಬಳೆ, ತಾಳಿ, ಕಾಲುಂಗುರ ತೆಗೆದೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಉಳಿಯಿತು, ಅದರೊಳಗೆ ಇಷ್ಟಲಿಂಗ. ಲಿಂಗಧಾರಣೆ ಆದಾಗಿನಿಂದ ಅದು ಮೈ ಬಿಟ್ಟು ಇಳಿದಿರಲಿಲ್ಲ, ಹೆರಿಗೆಯಲ್ಲೂ ಇಳಿದಿರಲಿಲ್ಲ. ಒಲ್ಲೆ ಎಂದೆ. ಅಲ್ಲಿನ ಹುಡುಗಿ ಸಮಾಧಾನದಿಂದಲೇ ಹೇಳಿದಳು, ಇದಿದ್ದರೆ ಒಳಗೆ ಬಿಡಲಾಗದು. ನಾನು ಅಳಲು ಸುರು ಮಾಡಿದೆ. ಅದೂ ನಿಲ್ಲುವ ಅಳುವಲ್ಲ. ಆಗ ನಮ್ಮವರು ನಲ್ಲಿಯಲ್ಲಿ ಕೈ ತೊಳೆದು ಬಂದು ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದರು. ದೇವರು ದಿಂಡರು ಎಂದರೆ ದೂರ ಸರಿಯುವ ಮನುಷ್ಯ. ಕರಡಿಗೆ ಇಳಿಸಿ ಆ ಅಂಗೈಯಲ್ಲಿಟ್ಟು ಒಳಗೆ ಹೋದೆ. ಅರ್ಧ ತಾಸಿನ ಮೇಲೆ ನಾನು ಹೊರಗೆ ಬಂದಾಗ ಕುರ್ಚಿಗಳೆಲ್ಲ ಖಾಲಿ ಇದ್ದವು. ಅವರು ಅದೇ ಜಾಗದಲ್ಲಿ, ಅದೇ ರೀತಿ ಅಂಗೈ ಒಡ್ಡಿಕೊಂಡು ನಿಂತೇ ಇದ್ದರು. ಕೂಡಲಿಲ್ಲ ಯಾಕೆ ಎಂದರೆ, ಕೂಡಬಹುದೋ ಇಲ್ಲವೋ ತನಗೆ ಗೊತ್ತಿಲ್ಲ ಎಂದರು.

ಫಿಲ್ಮು ನೋಡಿ ಡಾಕ್ಟರು ಹೇಳಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ತಲೆಯೊಳಗಿನ ಕೂದಲೆಳೆಯಂಥ ರಕ್ತನಾಳಗಳು ಅಲ್ಲಲ್ಲಿ ಮುಚ್ಚಿಹೋಗಿವೆ. ಎಷ್ಟೋ ಸಣ್ಣ ಪೆಟ್ಟುಗಳು ನನಗೇ ತಿಳಿಯದಂತೆ ಬಿದ್ದಿವೆ. ಬಾಯಿ ಸೊಟ್ಟಗಾದ ದಿನದ್ದು ಅದರಲ್ಲಿ ದೊಡ್ಡದು. ಇದಕ್ಕೆಲ್ಲ ಸೋಮವಾರವೇ ಕಾರಣವೇ ಎಂದು ಸವಿತಾ ಕೇಳಿದಳು. ಒಂದೇ ಕಾರಣ ಎಂದು ಹೇಳಲಾಗದು ಎಂದರು ಡಾಕ್ಟರು. ಸಕ್ಕರೆಯೂ ಏರಿದೆ. ಉಪ್ಪಿನಕಾಯಿ, ಹಪ್ಪಳ, ಮೂವತ್ತನಾಲ್ಕು ವರ್ಷ ಮಷಿನ್ನಿನ ಮುಂದೆ ಕೂತ ಮೈ, ಅವ್ವನಿಂದ ಬಂದದ್ದು, ಎಲ್ಲ ಸೇರಿದೆ. ಆದರೆ ಬಿ.ಪಿ.ಯನ್ನು ಹೀಗೆ ಬಿಡಬಾರದಿತ್ತು.

ವಾಪಸು ಬರುತ್ತದೆಯೇ ಎಂದು ನಾನು ಕೇಳಿದೆ.

“ಹೋದದ್ದ ಬರತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ ಅವ್ವಾರ. ಇದ್ದದ್ದ ಉಳಿಸೂಣು.”

ಮನೆಗೆ ಬಂದು ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು. ಮಗಳು ಅಪ್ಪನ ಮೇಲೆ ಎಗರಿದಳು: ಗುಳಿಗೆ ತರುವವರು ನೀವು, ಉಳಿದದ್ದು ಕಾಣಲಿಲ್ಲವೇ? ಅವತ್ತಿನಿಂದ ಗುಳಿಗೆಯ ಡಬ್ಬಿ ಅವರ ಅಂಗಿಯ ಜೇಬಿಗೆ ಹೋಯಿತು. ಹೊತ್ತಿಗೆ ಸರಿಯಾಗಿ ಬಂದು, ನಾನು ನುಂಗಿ ಬಾಯಿ ತೆರೆದು ತೋರಿಸುವವರೆಗೆ ನಿಲ್ಲುತ್ತಾರೆ. ಕತ್ತರಿಯನ್ನು ಎತ್ತಿ ಅಟ್ಟದ ಮೇಲಿಟ್ಟರು. ನಾನು ಕೇಳಲೂ ಇಲ್ಲ. ಸೋಮವಾರದ ಮೊದಲ ಗುಳಿಗೆ ನುಂಗಿದ ದಿನ ಬೆಳಗಿನ ಪೂಜೆಯ ಪಾದೋದಕದ ಜೊತೆಗೇ ನುಂಗಿದೆ. ಅವ್ವ ನೋಡುತ್ತಿದ್ದಾಳೆ ಎನಿಸಿತು. ಬಯ್ಯುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ.

ಆ ಚಳಿಗಾಲವನ್ನು ಹೇಗೆ ಹೇಳಲಿ? ಮೈಗೆ ನೋವಿಲ್ಲ, ಜ್ವರವಿಲ್ಲ. ಬೆಳಿಗ್ಗೆ ಏಳುತ್ತಲೇ ಲೆಕ್ಕ ಹಾಕುತ್ತಿದ್ದೆ: ನಿನ್ನೆ ಬರುತ್ತಿದ್ದದ್ದು ಇವತ್ತೂ ಬರುತ್ತದೆಯೇ? ಸೀರೆಯ ನಿರಿಗೆ ಹಿಡಿಯಲು ಬಂತು, ಹಾಗಾದರೆ ಇವತ್ತಿಗೆ ಇದ್ದೇನೆ. ಓಣಿಯವರು ಬಂದು, ಒಂದು ಕತೆ ಹೇಳು ಶಾಂತಕ್ಕ ಎಂದರೆ ತಲೆನೋವು ಎಂದು ಒಳಗೆ ಹೋಗುತ್ತಿದ್ದೆ. ಒಳಖೋಲಿಗೆ ಹೋಗಿ ನಾನೇ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಒಮ್ಮೆ ಖಾನಾಪುರಕ್ಕೆ ಹೋದಾಗ ಮಲಪ್ರಭೆಯ ದಂಡೆಯ ಮೇಲೆ ಒಬ್ಬಳೇ ಕೂತಿದ್ದೆ. ಅಲ್ಲಿ ಬಂದ ವಿಚಾರವನ್ನು ಇಲ್ಲಿ ಬರೆಸುವುದಿಲ್ಲ. ಸವಿತಾಳಿಗೆ ಹೇಳಿದೆ, ಅವಳು ಅದೇ ದಿನ ಡಾಕ್ಟರಿಗೆ ಹೇಳಿದಳು. ಅದೂ ಈ ಪೆಟ್ಟುಗಳ ಜೊತೆಗೇ ಬರುವ ಬೇನೆ ಎಂದು ಔಷಧ ಕೊಟ್ಟರು. ಒಂದು ತಿಂಗಳಿಗೆ ಆ ವಿಚಾರ ದೂರ ಸರಿಯಿತು. ನಿಮಗೂ ಬಂದರೆ ಒಬ್ಬರಿಗಾದರೂ ಹೇಳಿ. ನನಗೆ ಹೇಳಲು ಮಗಳಿದ್ದಳು. ಅವ್ವನಿಗೆ ಮಗಳಿದ್ದೂ ಹೇಳಲಾಗಲಿಲ್ಲ.

ಈ ನಡುವೆ ತಮ್ಮ ಬಸು ಫೋನ್ ಮಾಡಿದ. ಅವನದು ಖಾನಾಪುರದಲ್ಲಿ ಹಿಟ್ಟಿನ ಗಿರಣಿ. ಪೇಟೆಯಲ್ಲಿ ಯಾರೋ ಪುಕ್ಕಟೆ ತಪಾಸಣೆ ಇಟ್ಟಿದ್ದರಂತೆ, ಸುಮ್ಮನೆ ಕೈ ಕೊಟ್ಟನಂತೆ, ಬಿ.ಪಿ. ಬಹಳ ಇದೆ ಎಂದು ಗುಳಿಗೆ ಕೊಟ್ಟರಂತೆ. ನಗುತ್ತ ಹೇಳಿದ. ನುಂಗುತ್ತಿದ್ದೀಯಾ ಎಂದರೆ, ಗೋಡೆಯ ದೇವರ ಮಾಡದಲ್ಲಿ ಇಟ್ಟಿದ್ದೇನೆ ಎಂದ.

ಅವತ್ತಿನಿಂದ ನನ್ನ ಹೆದರಿಕೆಗೆ ಇನ್ನೊಂದು ಮುಖ ಬಂತು. ಅವ್ವ, ನಾನು, ಇನ್ನು ಅವನು. ನನಗಿಂತ ಎಂಟು ವರ್ಷ ಸಣ್ಣವನು, ಅವ್ವ ಹೊಲಕ್ಕೆ ಹೋದಾಗ ನನ್ನ ಟೊಂಕದ ಮೇಲೆ ಬೆಳೆದವನು. ನನ್ನದು ಹೋಗಿದ್ದು ಹೋಯಿತು. ಅವನದು ಇನ್ನೂ ಅವನ ಹತ್ತಿರ ಇದೆ. ದಿನಾ ಫೋನ್ ಮಾಡಿದೆ. ಸವಿತಾಳಿಂದ ಮಾಡಿಸಿದೆ. ಡಾಕ್ಟರ ಮಾತು ಹೇಳಿದೆ. ಅವನ ಹೆಂಡತಿ ಮಾದೇವಿ ಅತ್ತಳು. ಅವನು ಜಗ್ಗಲಿಲ್ಲ. ಶ್ರಾವಣ ಬಂತು. ಇನ್ನು ಒಪ್ಪತ್ತು, ಈ ತಿಂಗಳಂತೂ ಗುಳಿಗೆಯ ಮಾತೇ ಬೇಡ ಎಂದ.

“ನಿಮ್ಮ ಬೆಳಗಾವಿ ಡಾಕ್ಟರಗೋಳು ದೇವರಿಗೂ ಗುಳಿಗಿ ಬರದ ಕೊಡತಾರ ಬಿಡಕ್ಕಾ. ನನಗೇನ ಆಗೇತಿ? ಎರಡ ಚೀಲ ಜ್ವಾಳ ಒಬ್ಬಾಂವನ ಎತ್ತತೀನಿ.”

ಫೋನಿನಲ್ಲಿ ಆಗದು, ಎದುರಿಗೇ ಕೂತು ಹೇಳಬೇಕು ಎಂದು ಹೊರಟೆ. ಹೇಳುವುದೊಂದು ನನಗೆ ಬರುತ್ತಿದ್ದ ವಿದ್ಯೆ. ಹಳೆಯ ಶಾಂತಕ್ಕನ ಹಾಗೆ, ಅಳಿಸಿ ನಗಿಸಿ, ನನಗಾದದ್ದನ್ನೆಲ್ಲ ಒಂದು ಕತೆ ಮಾಡಿ ಅವನೆದುರು ಇಟ್ಟರೆ ಅವನು ತಪ್ಪಿಸಿಕೊಳ್ಳಲಾರ. ನಾಲ್ಕು ದಿನ ಅಡುಗೆಮನೆಯಲ್ಲಿ ನನಗೆ ನಾನೇ ಹೇಳಿಕೊಂಡು ರೂಢಿ ಮಾಡಿದೆ. ಬಸ್ಸಿನಲ್ಲಿ ನಮ್ಮವರಿಗೆ ಒಪ್ಪಿಸಿದೆ, ಪೂರಾ ಬಂತು. ಚಲೋ ಬಂತು ಎಂದು ಅವರೇ ಅಂದರು.

ನಾವು ಮುಟ್ಟಿದಾಗ ಮಧ್ಯಾಹ್ನ. ಸೋಮವಾರ. ಬಸು ಗಿರಣಿ ಬಂದ್ ಮಾಡಿ ಬಂದು ಚಾಪೆಯ ಮೇಲೆ ಕೂತಿದ್ದ, ಹುಬ್ಬಿನ ಮೇಲೆಲ್ಲ ಹಿಟ್ಟು. ಮುಖ ಕೆಂಪಗಿತ್ತು. ಮಾದೇವಿ ನನ್ನ ಕಡೆ ನೋಡಿ ಕಣ್ಣಲ್ಲೇ ಕೈ ಮುಗಿದಳು.

ನಾನು ಸುರು ಮಾಡಿದೆ. ತೋಳು ಕತ್ತರಿಸಿದ್ದು, ಎರಡೂ ಎಡಗೈಯವಾದದ್ದು. ಬಸು ಬಿದ್ದು ಬಿದ್ದು ನಕ್ಕ. “ಕುಪ್ಪಸದಾಕಿ ಬಲಗೈ ಮನ್ಯಾಗಿಟ್ಟ ಬರಬೇಕಾತೇನ ಹಂಗಾದ್ರ?” ಎಂದ. ನಗಲಿ ಎಂದೇ ನಾನು ಹೇಳಿದ್ದು. ನಿಂಬೆಹಣ್ಣಿನ ನೀರು ಹೇಳಿದೆ, ಅವರದೇ ತಮಾಷೆ ಬಂದಾಗ ನಮ್ಮವರೂ ತಲೆ ಬಗ್ಗಿಸಿ ನಕ್ಕರು. ಕಾಕಾನ ಮನೆಯಲ್ಲಿ ನಕ್ಕದ್ದು ಹೇಳಿದೆ. ಬಸುವಿನ ನಗು ನಿಂತಿತು. ಅವ್ವನ ಬಾಗಿಲು ಹೇಳಿದೆ. ಅವನು ನೆಲ ನೋಡಿದ. ಕತೆ ನನ್ನ ಕೈಯಲ್ಲಿತ್ತು, ಎಷ್ಟೋ ತಿಂಗಳ ಮೇಲೆ. ಕಾಯಿಪಲ್ಲೆ ಹೇಳಿದೆ, ಗಡಿಯಾರ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು ಎಂದೆ.

ಮುಂದೆ ಏನೂ ಇರಲಿಲ್ಲ.

ಡಾಕ್ಟರು ಏನೋ ಕೇಳಿದರು. ಅದಕ್ಕಾಗಿಯೇ ನಾನು ಇಲ್ಲಿಯವರೆಗೆ ಬಂದದ್ದು, ಕತೆಯ ಜೀವವೇ ಅದು. ಆ ಮಾತು ಇರಲಿಲ್ಲ. ಅದರಾಚೆಯದೂ ಇರಲಿಲ್ಲ.

ಕತೆ ಹೇಳುವಾಗ ಬಿಗಿಯಾದ ಜಾಗದಲ್ಲಿ ತಡೆದು ಕೇಳುವವರ ಮುಖ ನೋಡುವುದು ಚಿಕ್ಕಂದಿನಿಂದ ನನ್ನ ರೂಢಿ. ಬಸುವಿಗೆ ಅದು ಗೊತ್ತು. ಅದೇ ಇದು ಎಂದುಕೊಂಡು ಮುಂದಕ್ಕೆ ಬಾಗಿ, ತುಟಿಯಲ್ಲಿ ನಗು ಹಿಡಿದುಕೊಂಡು ಕಾದ. ನಾನು ಅವನ ಮುಖ ನೋಡುತ್ತ ಕೂತೆ. ಒಳಗೆ ಕುಕ್ಕರು ಕೂಗಿತು, ಮಾದೇವಿ ಎದ್ದು ಹೋಗಿ ಗ್ಯಾಸು ಆರಿಸಿ ಬಂದಳು. ಅವನು ಇನ್ನೂ ಕಾಯುತ್ತಿದ್ದ. ಆಮೇಲೆ ಅವನ ತುಟಿಯ ನಗು ನಿಧಾನಕ್ಕೆ ಹೋಯಿತು. ಅದು ಹೋಗುವುದನ್ನು ನಾನು ಕಂಡೆ.

“ಆಮ್ಯಾಲ ಅಕ್ಕಾ?” ಅಂದ, ಬಹಳ ಸಣ್ಣ ದನಿಯಲ್ಲಿ.

“ಆಮ್ಯಾಲ ಏನಿತ್ತೋ ತಮ್ಮಾ,” ಅಂದೆ. “ನಿನಗ ಗೊತ್ತೈತೇನ?”

ಬಸು ನಮ್ಮವರ ಕಡೆ ನೋಡಿದ. ಅವರಿಗೆ ಗೊತ್ತಿತ್ತು, ಒಂದು ತಾಸಿನ ಹಿಂದೆ ಬಸ್ಸಿನಲ್ಲಿ ಕೇಳಿದ್ದರು. ಹೇಳಿಕೊಡಲಿಲ್ಲ. ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತಿದ್ದರು.

ಬಸು ಎದ್ದ. ದೇವರ ಮಾಡದವರೆಗೆ ಹೋದ, ಗುಳಿಗೆಯ ಪಟ್ಟಿ ತೆಗೆದ, ಒಂದನ್ನು ಒತ್ತಿ ಅಂಗೈಗೆ ಹಾಕಿಕೊಂಡ. ಅದು ಜಾರಿ ನೆಲಕ್ಕೆ ಬಿತ್ತು, ಇನ್ನೊಂದನ್ನು ಒತ್ತಿ ತೆಗೆದ. ಮಾದೇವಿ ನೀರು ತಂದುಕೊಟ್ಟಳು. ಸಂಜೆಯ ಪೂಜೆ ಆಗಿರಲಿಲ್ಲ. ಅವನು ನುಂಗುವಾಗ ನನ್ನ ಮುಖವನ್ನೇ ನೋಡುತ್ತಿದ್ದ. ಆ ನೋಟ ನನಗೆ ಹೊಸದಲ್ಲ. ಅವ್ವನನ್ನು ನಾನು ಹಾಗೆಯೇ ನೋಡಿದ್ದೆ. ಅವನು ನನ್ನ ಮಾತಿಗೆ ನುಂಗಲಿಲ್ಲ, ನನ್ನ ಹಾಗಾಗುವ ಹೆದರಿಕೆಗೆ ನುಂಗಿದ. ಸಂತೋಷಪಡಬೇಕೆಂದು ಗೊತ್ತಾಯಿತು. ಬಂದದ್ದು ಅಳು, ಅದು ಬೇನೆಯ ಅಳುವೋ ನನ್ನದೋ ಈಗಲೂ ಹೇಳಲಾರೆ.

ತಿರುಗಿ ಬರುವಾಗ ಬಸ್ಸು ದೇಸೂರು ದಾಟಿತ್ತು. ಗಾಳಿಗೆ ಕಣ್ಣು ಮುಚ್ಚಿ ಕೂತಿದ್ದೆ. ಡಾಕ್ಟರು ಕೇಳಿದ ಮಾತು ಒಮ್ಮೆಲೇ ನೆನಪಾಯಿತು, ಅದರ ಹಿಂದೆ ಉಳಿದದ್ದೆಲ್ಲ ಸಾಲಾಗಿ ಬಂತು. ನಮ್ಮವರ ರಟ್ಟೆ ಹಿಡಿದು, ನೆನಪಾಯಿತು, ಇಳಿಯೋಣ, ಹಿಂದಕ್ಕೆ ಹೋಗೋಣ, ಬಸುವಿಗೆ ಕತೆ ಅರ್ಧ ಮಾತ್ರ ಹೇಳಿದ್ದೇನೆ ಎಂದೆ.

ಅವರು ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು.

“ಬ್ಯಾಡ ಬಿಡು ಶಾಂತಾ. ಅವಗ ಪೂರಾ ತಿಳದೈತಿ.”